ಸಿಟ್ಟಿದ್ದೋರು ಇಳೀರಿ

ಸೋಮವಾರ ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋದಾಗ ನನ್ನ ಕಾರಿನ ಸೀಟುಗಳನ್ನೆಲ್ಲ ಕಿತ್ತು ಹೊರಗೆ ಬಿಸಿಲಿಗೆ ಹಾಕಿದ್ದರು. ಹಪ್ಪಳ ಒಣಗಲು ಇಟ್ಟ ಹಾಗೆ ಮುಂದಿನವೆರಡು, ಹಿಂದಿನದೊಂದು, ಸಾಲಾಗಿ. ಗ್ಯಾರೇಜಿನ ಸಿದ್ದಲಿಂಗಪ್ಪ ತಂಬಿಗೆ ಹಿಡಿದುಕೊಂಡು ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಹಳೆಯ ಎಂಜಿನ್ ಕೆಟ್ಟು ಕೂತಿದೆ, ಬೇರೆ ಹಾಕಿಕೊಡಿ ಎಂದು ಅವನಿಗೆ ಒಪ್ಪಿಸಿದ್ದ ಕಾರು ಅದು. ಬೇರೆ ಎಂಜಿನ್ ಕೂರಿಸಿ ಆಗಿತ್ತು. ಆದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಸ್ಟಾರ್ಟ್ ಆಗದ ಕಾರಿನ ಸೀಟಿಗೆ ನೀರು ಚಿಮುಕಿಸುತ್ತ ನಿಂತ ಈ ಮನುಷ್ಯನನ್ನು ನೋಡಿ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ಏನ್ರೀ ಇದು ಸಿದ್ದಲಿಂಗಪ್ಪ?" ಅಂದೆ.

"ಸೀಟಿಗೆ ಸಿಟ್ಟು ಹಿಡ್ದಿದೆ ಅಂಬುಜಮ್ಮ. ಎಷ್ಟು ವರ್ಷದಿಂದ ಅದ್ರ ಮೇಲೆ ಕೂತಿದ್ದೀರಿ ನೀವು! ಸ್ವಲ್ಪ ಬಿಸ್ಲು ಕಾಯ್ಲಿ, ಸರಿಹೋಗುತ್ತೆ" ಅಂದ. ಅವನ ದನಿ ಜೇನು ಸವರಿದ ಹಾಗಿರುತ್ತದೆ. ನಮ್ಮೂರಲ್ಲಿ ಗ್ಯಾರೇಜು ಇಟ್ಟವರೆಲ್ಲರ ದನಿಯೂ ಹಾಗೆಯೇ.

ನಮ್ಮೂರಿನ ಗಾಡಿಗಳ ಸಂಗತಿ ನಮಗೆ ಹೊಸದಲ್ಲ. ಒಳಗೆ ಸಿಟ್ಟಾದವರು ಒಬ್ಬರಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಓಡುತ್ತಿರುವಾಗ ಸಿಟ್ಟು ಬಂದರೆ ಅಲ್ಲೇ ನಿಂತುಬಿಡುತ್ತದೆ. ಗಡಿಕಲ್ಲಿನಿಂದ ಆಚೆಗೆ ಇದು ಯಾವುದೂ ಇಲ್ಲ, ಅಲ್ಲಿ ಜನ ಒಬ್ಬರನ್ನೊಬ್ಬರು ಬೈದುಕೊಂಡೇ ಊರೂರು ಸುತ್ತುತ್ತಾರೆ. ಈಚೆಗೆ ಮಾತ್ರ ಹೀಗೆ. ಸೀರೆ ಅಂಗಡಿಯಿಂದ ಹೊರಟ ಗಂಡ ಹೆಂಡತಿ ಸ್ಕೂಟರ್ ತಳ್ಳಿಕೊಂಡು ಮನೆಗೆ ಹೋಗುವುದನ್ನು ನಾವು ದಿನಾ ನೋಡುತ್ತೇವೆ. ಮದುವೆ ದಿಬ್ಬಣದ ಬಸ್ಸು ಹೊರಡದಿದ್ದರೆ ಬೀಗರಲ್ಲಿ ಯಾರಿಗೆ ಊಟದಲ್ಲಿ ಕಡಿಮೆಯಾಯಿತು ಎಂದು ಹುಡುಕಿಕೊಂಡು ಹೋಗಿ ಕೈಗೆ ಲಾಡು ಕೊಟ್ಟು ಬರುತ್ತೇವೆ. ಬಸ್ಸಿನ ಕಂಡಕ್ಟರು ರೈಟ್ ಅನ್ನುವುದಕ್ಕೆ ಮುಂಚೆ "ಸಿಟ್ಟಿದ್ದೋರು ಇಳೀರಿ" ಅನ್ನುತ್ತಾನೆ. ಇಳಿದವರು ಕೂರಲೆಂದು ಬಸ್ ಸ್ಟ್ಯಾಂಡಿನಲ್ಲಿ ಒಂದು ಕಲ್ಲುಕಟ್ಟೆ ಇದೆ, ಪಕ್ಕದಲ್ಲೇ ಮಜ್ಜಿಗೆ ಮಾರುವವಳೊಬ್ಬಳು. ಮುಂದಿನ ಬಸ್ಸು ಬರುವ ಹೊತ್ತಿಗೆ ಎಲ್ಲರೂ ತಣ್ಣಗಾಗಿರುತ್ತಾರೆ.

ಇದನ್ನು ಕೇಳಿದ ಹೊರಗಿನವರು, ಆಹಾ ಎಂಥಾ ಶಾಂತಿಯ ಊರು ನಿಮ್ಮದು ಅನ್ನುತ್ತಾರೆ. ಶಾಂತಿ ಎಲ್ಲಿ ಬಂತು, ಮಣ್ಣು! ಯಜಮಾನನಿಗೂ ಕೆಲಸದವನಿಗೂ ಜಗಳವಾದರೆ ಬಸ್ಸಿನಿಂದ ಇಳಿಯುವವನು ಕೆಲಸದವನು. ಅತ್ತೆ ಸೊಸೆಗೆ ಜಗಳವಾದರೆ ಇಳಿಯುವವಳು ಸೊಸೆ. ಹೊಡೆದವನು ಹೊಡೆದು ಹಗುರಾಗಿರುತ್ತಾನೆ, ಅವನು ಕೂತರೆ ಗಾಡಿ ಹೊರಡುತ್ತದೆ. ಹೊಡೆಸಿಕೊಂಡವರು ಕಟ್ಟೆಯ ಮೇಲೆ ಮಜ್ಜಿಗೆ ಕುಡಿಯುತ್ತ ಕೂರಬೇಕು. ಅಪ್ಪನ ಕಾಲದಿಂದಲೂ ನಮ್ಮದು ಗೋಲಿಸೋಡಾ ಮಾಡುವ ಮನೆ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅಂಗಡಿಗೆ ಬಾಟಲಿ ಮುಟ್ಟಿಸುವ ಕೆಲಸ ನನ್ನದಾಯಿತು. ಒಡೆದ ಬಾಟಲಿ ವಾಪಸು ಕೊಟ್ಟು ಹೊಸದರ ಲೆಕ್ಕ ಹೇಳುವ ಅಂಗಡಿಯವನ ಜೊತೆ ಜಗಳ ಆಡದೆ ಈ ವ್ಯಾಪಾರ ಆಗುತ್ತದೆಯೇ? ಹಾಗಾಗಿ ನನ್ನ ಕಾರು ಊರಿನ ನಡುವೆ ಎಷ್ಟೋ ಸಲ ನಿಂತಿದೆ. ಸೋಡಾ ಅಂಬುಜಮ್ಮ ಅಂದರೆ ಮುಂಗೋಪಿ ಎಂದು ಊರು ತೀರ್ಮಾನ ಮಾಡಿ ಆಗಿದೆ.

ಆದರೆ ಆ ಸೋಮವಾರದ ಸಿಟ್ಟು ಸೋಡಾ ಬಾಟಲಿಯದಲ್ಲ. ಶನಿವಾರ ನನ್ನ ತಂಗಿ ಕುಮುದ ಯಾರದೋ ಫೋನಿನಿಂದ ಮಾತಾಡಿದ್ದಳು. "ಅಕ್ಕಾ, ಸೋಮವಾರ ಕಾರು ತಗೊಂಡು ಬರ್ತೀಯಾ? ಅವ್ರು ಬಸ್ ತಗೊಂಡು ಜಿಲ್ಲೆಗೆ ಹೋಗ್ತಾರೆ. ಸಂಜೆ ತನಕ ಬರಲ್ಲ. ನಾನು ಬಂದ್ಬಿಡ್ತೀನಿ" ಅಂದಳು. ಅಷ್ಟೇ. ಯಾಕೆ ಏನು ಎಂದು ನಾನು ಕೇಳಲಿಲ್ಲ. ವರ್ಷಗಳಿಂದ ನಾನು ಕೇಳುತ್ತ, ಅವಳು ಏನಿಲ್ಲ ಅನ್ನುತ್ತ ಬಂದ ಮಾತು ಅದು.

ಕುಮುದಳ ಗಂಡ ಪ್ರಸನ್ನ ಬಸ್ ಡ್ರೈವರು. ಗಡಿಕಲ್ಲಿನಾಚೆ ಎರಡು ಗುಡ್ಡ ದಾಟಿದರೆ ಸಿಗುವ ಡಿಪೋದ ಕ್ವಾರ್ಟರ್ಸಿನಲ್ಲಿ ಅವರ ಮನೆ. ಆ ದಾರಿಯಲ್ಲಿ ನಮ್ಮೂರಿನ ಮೇಲೆ ಜಿಲ್ಲೆಗೆ ಹೋಗಿಬರುವ ಬಸ್ಸು ಒಂದೇ, ಅದನ್ನು ಓಡಿಸುವವನು ಅವನೇ. ಗಂಡನನ್ನು ಬಿಟ್ಟು ಬರಬೇಕೆಂದರೂ ಗಂಡನ ಬಸ್ಸಿಗೇ ಟಿಕೆಟ್ ತೆಗೆದುಕೊಳ್ಳಬೇಕು, ಅಂಥ ಗತಿ ಅವಳದು. ಅವನ ಬಸ್ಸು ನಮ್ಮೂರಿನೊಳಗೆ ಒಂದು ದಿನವೂ ನಿಂತದ್ದಿಲ್ಲ. ಆಡು ಅಡ್ಡ ಬರಲಿ, ಚಿಲ್ಲರೆಗೆ ಜಗಳವಾಗಲಿ, ಅವನ ಮುಖದ ನಗು ಮಾಸುವುದಿಲ್ಲ. ಊರಿನವರು ಅವನನ್ನು ಕರೆದು ಶಾಲು ಹೊದಿಸಿ, ಸಮಾಧಾನಿ ಎಂದು ಬಿರುದನ್ನೂ ಕೊಟ್ಟರು. ಆ ಸಮಾಧಾನಿ ನನ್ನ ತಂಗಿಯ ಕೈ ತಿರುಚುವಾಗಲೂ ಅದೇ ನಗು ಇಟ್ಟುಕೊಂಡಿರುತ್ತಾನೆ. ಅವನು ಸಿಟ್ಟಿನಿಂದ ಹೊಡೆಯುವವನಲ್ಲ. ಸಾರಿಗೆ ಉಪ್ಪು ಹಾಕುವಷ್ಟು ನಿಧಾನವಾಗಿ, ಅಳತೆ ನೋಡಿ ಹೊಡೆಯುತ್ತಾನೆ. ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಅವನಿಗೆ ಸಿಟ್ಟೇ ಬರಲ್ವಲ್ಲಮ್ಮ, ಬಸ್ಸೇ ಹೇಳುತ್ತಲ್ಲ, ಅಂದರು.

ಬಾಡಿಗೆ ಗಾಡಿಯವರು ಯಾರೂ ಬರಲು ಒಪ್ಪಲಿಲ್ಲ. ಜಗಳದ ಗಿರಾಕಿ ಹತ್ತಿಸಿಕೊಂಡರೆ ದಾರಿಯಲ್ಲಿ ತಳ್ಳುವವರು ಯಾರು, ಅದೂ ಅಲ್ಲದೆ ಪ್ರಸನ್ನನ ವಿಷಯ, ಅಂದರು. ನನಗೆ ನನ್ನ ಕಾರೇ ಗತಿ. ಆ ಕಾರು ಸೀಟಿಲ್ಲದೆ, ಬಾನೆಟ್ಟು ಬಾಯಿ ತೆರೆದುಕೊಂಡು ನಿಂತಿತ್ತು.

"ಸೀಟು ತೆಗ್ದ ಮೇಲೆ ಸ್ಟಾರ್ಟ್ ಆಯ್ತಾ?" ಅಂದೆ.

"ಎಲ್ಲಾಗುತ್ತೆ? ಟಕ್ ಅನ್ನುತ್ತೆ, ಸುಮ್ನಾಗುತ್ತೆ."

"ಯಾರು ಕೂತಿದ್ರು ಒಳಗೆ?"

"ನಾನೇ ಕೂತಿದ್ದೆ."

"ನಿಮಗೆ ಸಿಟ್ಟಿತ್ತಾ?"

ಅವನು ಕಿವಿ ಮುಟ್ಟಿಕೊಂಡ. "ಶಿವ ಶಿವಾ! ನನಗೆ ಸಿಟ್ಟು ಬಂದು ಯಾವ ಕಾಲವಾಯ್ತು!"

"ಹಾಗಾದ್ರೆ ಸಿಟ್ಟಿಲ್ಲದೋರು ಕೂತ್ರೂ ಸ್ಟಾರ್ಟ್ ಆಗ್ತಿಲ್ಲ. ಅಂದ್ರೆ ಕೆಟ್ಟಿರೋದು ಕಾರು. ನೀವು ಮಾಡಿದ ಕೆಲಸ."

ಸಿದ್ದಲಿಂಗಪ್ಪ ನನ್ನನ್ನು ಕನಿಕರದಿಂದ ನೋಡಿದ. ಆ ಕನಿಕರಕ್ಕೆ ಅವನ ತಂಬಿಗೆ ಕಿತ್ತುಕೊಂಡು ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. "ಈ ಎಂಜಿನ್ ಇದ್ದಿದ್ದು ಒಂದು ವ್ಯಾನಲ್ಲಿ. ಅದ್ರ ಓನರ್ ಮಹಾ ಕೋಪಿಷ್ಠ. ಆ ಸಿಟ್ಟು ಸ್ವಲ್ಪ ಎಂಜಿನ್‌ನಲ್ಲೇ ಉಳಿದಿರಬೇಕು. ಅದ್ರ ಮೇಲೆ ನಿಮ್ಮ ಸೀಟು. ಎರಡೂ ಸೇರಿದ್ರೆ ಏನಾಗ್ಬೇಕು ಹೇಳಿ? ನೀವೊಂದು ಕೆಲಸ ಮಾಡಿ. ಮನೆಗೆ ಹೋಗಿ ತಲೆಗೆ ಎಣ್ಣೆ ಹಚ್ಕೊಂಡು ನೀರು ಹಾಕ್ಕೊಳ್ಳಿ. ಪ್ರಸನ್ನನ ಮೇಲಿನ ದ್ವೇಷ ಬಿಡಿ. ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ."

ಬ್ಯಾಟರಿಗೆ ಕನೆಕ್ಷನ್ ಕೊಟ್ಟ ಮೇಲೆ ಎಂಜಿನ್ನಿನ ಒಂದು ನಟ್ಟನ್ನೂ ಅವನು ಮುಟ್ಟಿ ನೋಡಿರಲಿಲ್ಲ. ನಮ್ಮೂರಿನ ಮೆಕ್ಯಾನಿಕ್ಕುಗಳ ರೋಗವೇ ಅದು. ಗಾಡಿ ನಿಂತರೆ ಅವರು ಮೊದಲು ನೋಡುವುದು ಒಡೆಯನ ಮುಖವನ್ನು. ಹತ್ತರಲ್ಲಿ ಒಂಬತ್ತು ಸಲ ಕಾರಣ ಅಲ್ಲೇ ಸಿಗುತ್ತದೆ, ಹಾಗಾಗಿ ಹತ್ತನೆಯ ಸಲವೂ ಅಲ್ಲೇ ಹುಡುಕುತ್ತಾರೆ. ಅದರಲ್ಲೂ ಒಡೆಯಳು ನಾನಾದರೆ ಕೇಳಬೇಕೆ! ಸ್ಟಾರ್ಟರ್ ಬಿಚ್ಚಿ ನೋಡಿ ಅಂದೆ. ಸ್ಟಾರ್ಟರ್ ಚೆನ್ನಾಗಿದೆ ಅಂದ. ವೈರು ನೋಡಿ ಅಂದೆ. ಎಲ್ಲ ಹೊಸ ವೈರು ಅಂದ. ಬ್ಯಾಟರಿ? ನಿನ್ನೆ ಓಡ್ತಿದ್ದ ಗಾಡಿಯದು ತಂದು ಹಾಕಿದ್ದೀನಿ, ಲೈಟು ಝಗ್ ಅಂತ ಉರಿಯುತ್ತೆ ಅಂದ. "ಎಂಜಿನ್ ಸರಿಯಿದೆ, ಬ್ಯಾಟರಿ ಸರಿಯಿದೆ, ವೈರು ಸರಿಯಿದೆ. ಇನ್ನು ಉಳಿದಿದ್ದು ಯಾರು, ನೀವೇ ಹೇಳಿ" ಅಂದು ನಕ್ಕ. ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದವರೂ ನಕ್ಕರು.

ಅಷ್ಟು ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲಿ ಕುಮುದ ಬಾಗಿಲ ಬಳಿ ಬ್ಯಾಗ್ ಇಟ್ಟುಕೊಂಡು ರಸ್ತೆ ನೋಡುತ್ತ ಕೂತಿರುತ್ತಾಳೆ. ಅಕ್ಕ ಬರುವುದಿಲ್ಲ ಅನ್ನಿಸಿದರೆ ಬ್ಯಾಗ್ ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿ ಇಟ್ಟು, ಸಂಜೆಯ ಅಡಿಗೆಗೆ ಅಕ್ಕಿ ತೊಳೆಯುತ್ತಾಳೆ. ಆಮೇಲೆ ಇನ್ನೊಮ್ಮೆ ಫೋನ್ ಮಾಡುವ ಧೈರ್ಯ ಅವಳಿಗೆ ಬರುವುದಿಲ್ಲ. ನನ್ನ ತಂಗಿ ಅವಳು, ನನಗೆ ಗೊತ್ತು.

"ಗಡಿಕಲ್ಲಿಗೆ ತಳ್ಳಿ" ಅಂದೆ.

"ಏನನ್ನ?"

"ಕಾರನ್ನ. ಗಡಿಕಲ್ಲು ದಾಟಿಸೋಣ. ಅಲ್ಲಿ ನನ್ನ ಸಿಟ್ಟು ನಡೆಯಲ್ಲ, ಸೀಟಿನ ಸಿಟ್ಟು ನಡೆಯಲ್ಲ, ಆ ವ್ಯಾನಿನೋನ ಸಿಟ್ಟೂ ನಡೆಯಲ್ಲ. ಅಲ್ಲಿ ಸ್ಟಾರ್ಟ್ ಆದ್ರೆ ತಪ್ಪು ನಂದು. ಆಗದಿದ್ರೆ ನಿಮ್ಮದು."

ಟೀ ಅಂಗಡಿಯವರು ಓಹೋ ಅಂದರು. ಅಷ್ಟು ಜನರ ಮುಂದೆ ಸಿದ್ದಲಿಂಗಪ್ಪ ಹಿಂದೆ ಸರಿಯುವಂತಿರಲಿಲ್ಲ. "ಅಲ್ಲಿ ಒಂದೇ ಸೆಲ್ಫ್ ಹೊಡೆತಕ್ಕೆ ಸ್ಟಾರ್ಟ್ ಆಗದಿದ್ರೆ ಈ ಮೀಸೆ ಬೋಳಿಸ್ತೀನಿ" ಅಂದ. ಸೀಟುಗಳನ್ನು ಒಳಗೆ ಎಸೆದು ನಟ್ಟು ಬಿಗಿದೆವು. ಗ್ಯಾರೇಜಿನಿಂದ ಗಡಿಕಲ್ಲಿಗೆ ಇಳಿಜಾರು ಇರುವುದರಿಂದ ನಾನು ಸ್ಟೇರಿಂಗ್ ಹಿಡಿದೆ, ಅವನು ಹಿಂದಿನಿಂದ ತಳ್ಳಿದ, ಟೀ ಅಂಗಡಿಯ ಇಬ್ಬರು ತಮಾಷೆ ನೋಡಲೆಂದು ಕೈ ಹಾಕಿದರು. ದಾರಿಯುದ್ದಕ್ಕೂ ಜನ, "ಅಂಬುಜಮ್ಮ, ಇವತ್ತು ಯಾರ ಜೊತೆ?" ಎಂದು ಕೇಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಮುಂದೆ ನೋಡುತ್ತಿದ್ದೆ.

ಗಡಿಕಲ್ಲು ದಾಟಿ ಒಂದು ಹುಣಸೆಮರದ ಕೆಳಗೆ ಕಾರು ನಿಂತಿತು. ಕೀ ತಿರುಗಿಸಿದೆ. ಟಕ್. ಮತ್ತೆ ತಿರುಗಿಸಿದೆ. ಟಕ್. ಎಂಜಿನ್ ಒಂದು ಸುತ್ತೂ ತಿರುಗಲಿಲ್ಲ.

ಟೀ ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾಲು ಕಾಯ್ಸೋಕಿಟ್ಟು ಬಂದಿದ್ದೀವಿ ಎಂದು ಊರ ಕಡೆ ನಡೆದರು. ಸಿದ್ದಲಿಂಗಪ್ಪನ ಮುಖ ಹುಣಸೆಹಣ್ಣು ಕಚ್ಚಿದ ಹಾಗಾಯಿತು. ನಾನು ಕಾರಿನಿಂದ ಇಳಿದೆ. ಅಷ್ಟು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಅಲ್ಲಿ ಹೊರಗೆ ಹಾಕಿದೆ. "ಈಗ ಹೇಳಿ! ಯಾರ ಸಿಟ್ಟಿದು? ಮರದ್ದಾ? ನನ್ನ ತಂಗಿ ಅಲ್ಲಿ ದಾರಿ ಕಾಯ್ತಾ ಕೂತಿದ್ದಾಳೆ. ಎಣ್ಣೆ ಹಚ್ಕೋ, ನೀರು ಹಾಕ್ಕೋ, ತಂಗಿ ಗಂಡನ್ನ ಕ್ಷಮಿಸು ಅಂತ ನನಗೆ ಬುದ್ಧಿ ಹೇಳಿದ್ರಲ್ಲ, ಒಂದು ಸಲನಾದ್ರೂ ಬಗ್ಗಿ ಎಂಜಿನ್ ನೋಡಿದ್ರಾ ನೀವು? ನಿಮ್ಮ ಕೈಯಲ್ಲಾಗದ ಕೆಲಸಕ್ಕೆಲ್ಲ ನನ್ನ ಸಿಟ್ಟು ಹೆಸರು ಹೊರಬೇಕಾ?"

"ಬಾಯಿ ಮುಚ್ಚಿ!" ಅಂತ ಅವನು ಕೂಗಿದ. ಕೂಗಿ ತಾನೇ ಬೆಚ್ಚಿಬಿದ್ದ. ಬಹುಶಃ ಅವನು ತನ್ನ ಅಸಲು ದನಿ ಕೇಳಿ ವರ್ಷಗಳಾಗಿದ್ದವು. ಆಮೇಲೆ ತೋಳು ಮಡಿಸಿಕೊಂಡು ಬಾನೆಟ್ಟಿನೊಳಗೆ ಬಗ್ಗಿದ. ಸಿಟ್ಟು ಬಂದ ಮೇಲೆ ಅವನು ಕೆಲಸಗಾರನ ಹಾಗೆ ಕಂಡ, ಅದನ್ನೂ ಹೇಳಬೇಕು. ಬ್ಯಾಟರಿಯ ಎರಡೂ ತುದಿ ಉಜ್ಜಿ ಬಿಗಿದ. ಸ್ಟಾರ್ಟರಿನ ವೈರು ಕಳಚಿ, ಕೆರೆದು, ಮತ್ತೆ ಹಾಕಿದ. ಸುತ್ತಿಗೆಯ ಹಿಡಿಯಿಂದ ಸ್ಟಾರ್ಟರಿಗೆ ಎರಡು ಬಿಟ್ಟ. "ಹೊಡೀರಿ ಸೆಲ್ಫು" ಅಂದ. ಹೊಡೆದೆ. ಟಕ್. "ಹಿಡ್ಕೊಂಡೇ ಇರಿ" ಅಂದ. ಹಿಡಿದುಕೊಂಡೇ ಇದ್ದೆ. ಒಂದು ಸಲ ಗೊರ್ ಎಂದು ಅರ್ಧ ಸುತ್ತಿ ನಿಂತಿತು. ಪೆಟ್ರೋಲು ಸಾಲದೇನೋ ಎಂದು ಚೋಕ್ ಎಳೆಯಲು ಕೈ ಹಾಕಿದವಳು ಚಟ್ಟನೆ ಕಿರುಚಿ ಕೈ ಹಿಂದಕ್ಕೆ ಎಳೆದುಕೊಂಡೆ. ಚೋಕಿನ ಗುಂಡಿ ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಹಾಗೆ ಸುಡುತ್ತಿತ್ತು.

"ಏನಾಯ್ತು?"

"ಚೋಕ್ ಸುಡ್ತಿದೆ!"

"ಎಂಜಿನ್ನೇ ಓಡಿಲ್ಲ, ಚೋಕ್ ಯಾಕೆ ಸುಡುತ್ತೆ?" ಅಂದವನು ಬಾನೆಟ್ಟಿನೊಳಗೆ ಚೋಕಿನ ತಂತಿ ಮುಟ್ಟಿದ. ಅಯ್ಯೋ ಎಂದು ಬೆರಳು ಬಾಯಿಗೆ ಇಟ್ಟುಕೊಂಡ. ಹಾಗೇ ನಿಂತ. ಬೆರಳು ಬಾಯಲ್ಲೇ ಇತ್ತು, ಕಣ್ಣು ಮಾತ್ರ ಎಂಜಿನ್ನಿನ ಬುಡಕ್ಕೆ ಹೋಯಿತು. ಮೆಲ್ಲಗೆ ಕಾರಿನ ಕೆಳಗೆ ತೂರಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದಲೇ ಹೇಳಿದ, "ಅರ್ಥಿಂಗ್ ಪಟ್ಟಿ ಇಲ್ಲ."

ಎಂಜಿನ್ನು ಕೂರುವುದು ರಬ್ಬರಿನ ಮೇಲೆ. ಬ್ಯಾಟರಿಯ ಕರೆಂಟು ಎಂಜಿನ್ನಿಗೆ ಹೋಗಿ ವಾಪಸು ಬರಬೇಕಾದರೆ ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಜಡೆ ಹೆಣೆದಂಥ ಒಂದು ತಾಮ್ರದ ಪಟ್ಟಿ ಇರಬೇಕು. ಹಳೆಯ ಎಂಜಿನ್ ಇಳಿಸುವಾಗ ಅದು ಆ ಎಂಜಿನ್ನಿಗೇ ಅಂಟಿಕೊಂಡು ಗುಜರಿಗೆ ಹೋಗಿತ್ತು. ಹೊಸದಕ್ಕೆ ಹಾಕುವುದನ್ನು ಇವನು ಮರೆತಿದ್ದ. ಬೇರೆ ದಾರಿ ಕಾಣದೆ ಕರೆಂಟು ಪಾಪದ ಚೋಕ್ ತಂತಿಯಲ್ಲಿ ನುಗ್ಗುತ್ತಿತ್ತು, ಅದಕ್ಕೇ ಆ ಕಾವು. ಒಂದು ಗೇಣು ತಾಮ್ರ. ಅಷ್ಟಕ್ಕೆ ನನ್ನ ಸೀಟು ಬಿಸಿಲು ಕಾದದ್ದು, ನಾನು ಊರೆಲ್ಲ ನಗೆಪಾಟಲಾದದ್ದು, ನನ್ನ ತಂಗಿಯ ಅರ್ಧ ದಿನ ಹೋದದ್ದು.

ಡಿಕ್ಕಿಯಲ್ಲಿದ್ದ ದಪ್ಪ ಬ್ಯಾಟರಿ ವೈರನ್ನು ಅವನು ಎಂಜಿನ್ನಿನ ಒಂದು ಬೋಲ್ಟಿನಿಂದ ಕಾರಿನ ಮೈಗೆ ಎಳೆದು ಬಿಗಿದ. ನಾನು ಕೀ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಗುಡುಗಿ ಸ್ಟಾರ್ಟ್ ಆಯಿತು. ನನ್ನ ಸಿಟ್ಟು ಇದ್ದ ಕಡೆಯೇ ಇತ್ತು. ಇನ್ನೂ ಜಾಸ್ತಿಯೇ ಆಗಿತ್ತು.

ಸಿದ್ದಲಿಂಗಪ್ಪ ಕಿಟಕಿಯ ಹತ್ತಿರ ಬಂದ. ದನಿಗೆ ಮತ್ತೆ ಜೇನು ಬಂದಿತ್ತು. "ಅಂಬುಜಮ್ಮ, ಇದನ್ನ ಊರಲ್ಲಿ ಹೇಳ್ಬೇಡಿ. ಹೊಟ್ಟೆಪಾಡು."

"ಮೊದ್ಲು ಮೀಸೆ ಬೋಳಿಸ್ಕೊಳ್ಳಿ" ಎಂದು ಗೇರು ಹಾಕಿ ಹೊರಟೆ.

ಕುಮುದ ಬ್ಯಾಗ್ ಬಿಚ್ಚಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಪಕ್ಕದ ಮನೆಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತಿದ್ದಳು. ಸೂರ್ಯ ಪಡುವಣಕ್ಕೆ ಇಳಿಯತೊಡಗಿದ್ದ. "ತಡ ಆಯ್ತಲ್ಲಾ ಪುಟ್ಟಿ" ಅಂದೆ. "ಪರವಾಗಿಲ್ಲ ಅಕ್ಕ" ಅಂದಳು. ಬ್ಯಾಗ್ ಎತ್ತುವಾಗ ಅವಳ ಬಲಗೈಯ ಕಿರುಬೆರಳು ಮಡಚಲಿಲ್ಲ. ಮುರಿದು, ಕಟ್ಟಿಸದೆ, ಸೊಟ್ಟಗೆ ಕೂಡಿಕೊಂಡ ಬೆರಳು. ಯಾವಾಗ ಎಂದು ಕೇಳಿದೆ. "ಸಂಕ್ರಾಂತಿ ಹೊತ್ತಿಗೆ. ತಟ್ಟೇಲಿ ಅನ್ನ ಬಿಸಿಯಿರ್ಲಿಲ್ಲ" ಅಂದಳು. ನೆರೆಮನೆಯವರ ಸುದ್ದಿ ಹೇಳುವ ಹಾಗೆ ಹೇಳಿದಳು. ನಾನು ಸ್ಟೇರಿಂಗಿಗೆ ಎರಡು ಗುದ್ದು ಗುದ್ದಿದೆ. ಅವಳು ನನ್ನ ಕೈ ಹಿಡಿದು, "ನೋವಾಗುತ್ತೆ ಬಿಡು" ಅಂದಳು.

ಎರಡು ಗುಡ್ಡ ದಾಟುವಷ್ಟು ಹೊತ್ತೂ ನಾನು ಬೈಯುತ್ತಲೇ ಇದ್ದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಗಡಿಕಲ್ಲು ಕಂಡಾಗ ಕಾರು ನಿಲ್ಲಿಸಿದೆ. ನಾನು ಒಳಗಿದ್ದರೆ ಕಲ್ಲು ದಾಟಿದ ಕೂಡಲೇ ಕಾರು ನಿಲ್ಲುತ್ತದೆ, ಅದರಲ್ಲಿ ಅನುಮಾನವಿರಲಿಲ್ಲ. ಡ್ರೈವಿಂಗನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದರು. "ನೀನು ಓಡಿಸು. ನಾನು ಹಿಂದೆ ನಡ್ಕೊಂಡು ಬರ್ತೀನಿ. ನಿಂಗೂ ಸಿಟ್ಟು ಬಂದು ನಿಂತ್ರೆ ಇಬ್ರೂ ತಳ್ಳೋಣ" ಅಂದೆ. ಅವಳು ಇಳಿದು ಡ್ರೈವರ್ ಸೀಟಿಗೆ ಬಂದು ಕೂತಳು. ಮದುವೆಯಾದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲವಾದರೂ ಕೈ ಮರೆತಿರಲಿಲ್ಲ. ಕಾರು ಗಡಿಕಲ್ಲು ದಾಟಿತು. ನಿಲ್ಲಲಿಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಏರು ಹತ್ತತೊಡಗಿತು.

ಆಗ ನನಗಾದ ಸಂಕಟ ಹೇಳತೀರದು. ಹೊಸ ಎಂಜಿನ್ನಿನ ಸದ್ದು ಅಷ್ಟು ನಯವಾಗಿ ಕೇಳುತ್ತಿತ್ತು, ಅದು ಕೇಳಿದಷ್ಟೂ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮುರಿದ ಬೆರಳು ಸ್ಟೇರಿಂಗಿನ ಮೇಲೆ ನಿಗುರಿಕೊಂಡಿದೆ, ಒಳಗೆ ಒಂದು ಚೂರು ಸಿಟ್ಟಿಲ್ಲ. ಒಂದು ಕೆಮ್ಮೂ ಇಲ್ಲದೆ ಓಡುತ್ತಿದೆ ಕಾರು! ನಿಲ್ಲಲಿ, ಒಂದು ಸಲ ನಿಲ್ಲಲಿ ದೇವರೇ ಎಂದುಕೊಂಡು ಹಿಂದೆ ಹಿಂದೆ ಹೆಜ್ಜೆ ಹಾಕಿದೆ. ಅವಳು ನನಗಾಗಿ ನಿಧಾನವಾಗಿ ಓಡಿಸುತ್ತಿದ್ದಳು. ದಾರಿಯಲ್ಲಿ ಸಿಕ್ಕವರು ಕಾರು ನೋಡಿ, ಓಡಿಸುವವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ ತಲೆದೂಗಿದರು. ಸಿದ್ದಲಿಂಗಪ್ಪ ಗ್ಯಾರೇಜಿನಿಂದ ಹೊರಗೆ ಬಂದ. ಮೀಸೆ ಇನ್ನೂ ಅಲ್ಲೇ ಇತ್ತು. ಟೀ ಅಂಗಡಿಯವರಿಗೆ ಕೇಳುವ ಹಾಗೆ, "ಕಂಡ್ರಾ? ನಾನು ಹೇಳ್ಲಿಲ್ವಾ? ತಂಗಿ ಕೂತ ಕೂಡ್ಲೇ ಹೆಂಗ್ ಓಡ್ತಿದೆ ನೋಡಿ. ಗಾಡಿಯಲ್ಲಿ ಏನೂ ಇರ್ಲಿಲ್ಲ" ಅಂದ. ನಾನು ಅವನ ಮೇಲೆ ಎರಗಬೇಕು ಅನ್ನುವಷ್ಟರಲ್ಲಿ ಕಾರು ಮುಂದೆ ಹೋಗುತ್ತಿತ್ತು. ಅವನನ್ನು ಬಿಟ್ಟು ಕಾರಿನ ಹಿಂದೆ ಓಡಿದೆ.

ಬಸ್ ಸ್ಟ್ಯಾಂಡಿನ ವೃತ್ತದಲ್ಲಿ ಎದುರಿನಿಂದ ಬಸ್ಸು ಬಂತು. ಪ್ರಸನ್ನ ಜಿಲ್ಲೆಯಿಂದ ವಾಪಸು ಬರುವ ಹೊತ್ತು. ಅರ್ಧ ದಿನ ಗ್ಯಾರೇಜಿನಲ್ಲಿ ಹಾಳಾಗದಿದ್ದರೆ ಅಷ್ಟು ಹೊತ್ತಿಗೆ ನಾವು ಮನೆ ಸೇರಿ ಕದ ಹಾಕಿಕೊಂಡಿರುತ್ತಿದ್ದೆವು. ಬಸ್ಸೂ ಕಾರೂ ಮುಖಾಮುಖಿ ನಿಂತವು, ಎರಡರ ಎಂಜಿನ್ನೂ ಓಡುತ್ತಲೇ ಇತ್ತು. ಪ್ರಸನ್ನ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅದೇ ನಗು.

"ಏನ್ ಕುಮುದಾ, ಅಕ್ಕನ ಮನೆಗೆ ಹೊರಟ್ಯಾ? ಹೇಳಿದ್ರೆ ನಾನೇ ಕರ್ಕೊಂಡು ಬರ್ತಿರ್ಲಿಲ್ವಾ?" ಅಂದ. ಬಸ್ಸಿನವರು ಕೇಳುತ್ತಿದ್ದರು, ಮಜ್ಜಿಗೆಯವಳು ಕೇಳುತ್ತಿದ್ದಳು. "ಇಳಿ, ಬಸ್ ಹತ್ತು. ಮನೆಗೆ ಹೋಗೋಣ. ಅತ್ತಿಗೆಯವರ ಸಿಟ್ಟು ಊರಿಗೇ ಗೊತ್ತು, ಅವ್ರ ಮಾತು ಕೇಳಿ ನೀನು ಹಾಳಾಗ್ಬೇಡ. ನಿಂಗೆಲ್ಲಿದೆ ಸಿಟ್ಟು? ನೀನು ಬಂಗಾರದಂಥೋಳು. ನೋಡು, ನೀನು ಕೂತ್ರೆ ಈ ಡಕೋಟಾ ಕಾರೂ ಓಡುತ್ತೆ."

ಕಟ್ಟೆಯ ಮೇಲಿದ್ದ ಒಬ್ಬ ಹಿರಿಯ, "ನಿಜ ನಿಜ, ಹತ್ತಮ್ಮ" ಅಂದ.

ಕಾರು ನಿಂತಿತು.

ಎಂಜಿನ್ನಿನ ಸದ್ದು ಯಾಕೆ ನಿಂತಿತೆಂದು ಮೊದಲು ನನಗೆ ತಿಳಿಯಲಿಲ್ಲ. ಅರ್ಥಿಂಗ್ ವೈರೇನಾದರೂ ಕಳಚಿತೇ ಎಂದುಕೊಂಡೆ. ಆಮೇಲೆ ಕಿಟಕಿಯ ಹತ್ತಿರ ಬಗ್ಗಿ ಅವಳ ಮುಖ ನೋಡಿದೆ. ಕೆನ್ನೆ ಕೆಂಪಗಾಗಿತ್ತು, ಮೂಗಿನ ಹೊಳ್ಳೆ ಅದುರುತ್ತಿತ್ತು. ಚಿಕ್ಕವಳಿದ್ದಾಗ ನಾನು ಅವಳ ಪಾಲಿನ ಗೋಲಿ ಕದ್ದಾಗ ಹೀಗೆ ಆಗುತ್ತಿದ್ದಳು. ಅವಳಿಗೆ ಸಿಟ್ಟು ಬಂದಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

"ಬರಲ್ಲ" ಅಂದಳು ಕುಮುದ.

"ಏನಂದೆ?"

"ಬರಲ್ಲ ಅಂದೆ. ನಿನ್ನ ಮನೆಗೆ ಬರಲ್ಲ. ನಿನ್ನ ಬಸ್ಸಿಗೂ ಹತ್ತಲ್ಲ. ಈ ಬೆರಳು ಮುರಿದೋನು ನೀನು. ನಗ್ತಾ ನಗ್ತಾ ಮುರಿದೆ. ಇಲ್ಲಿ ಎಲ್ಲಾರೂ ನೋಡ್ಲಿ." ಸೊಟ್ಟ ಬೆರಳಿನ ಕೈಯನ್ನು ಕಿಟಕಿಯಿಂದ ಹೊರಗೆ ಎತ್ತಿ ಹಿಡಿದಳು. ಗಂಡನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಬಸ್ಸಿನ ಸದ್ದು ನಿಂತಿತು.

ಪ್ರಸನ್ನನ ನಗು ಮಾತ್ರ ಹಾಗೇ ಇತ್ತು. ಅವನು ಕೀ ತಿರುಗಿಸಿದ. ಆಗಲಿಲ್ಲ. ಬಸ್ಸಿನೊಳಗೆ ಗುಸುಗುಸು ಎದ್ದಿತು. ಆ ಬಸ್ಸು ನಮ್ಮೂರಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಕಂಡಕ್ಟರು ಏನು ಮಾಡಬೇಕೆಂದು ತೋಚದೆ, ರೂಢಿಯಂತೆ, "ಸಿಟ್ಟಿದ್ದೋರು ಇಳೀರಿ" ಅಂದ. ಯಾರೋ ಒಬ್ಬ ಹೆಂಗಸು ಇಳಿದಳು, ಕುಮುದಳ ಬೆರಳನ್ನೇ ನೋಡುತ್ತಿದ್ದಳು. ಪ್ರಸನ್ನ ಕೀ ತಿರುಗಿಸಿದ. ಆಗಲಿಲ್ಲ. "ಇನ್ನೂ ಯಾರಿದ್ದೀರಿ, ಇಳೀರಿ" ಅಂದ ಕಂಡಕ್ಟರು. ಇನ್ನಿಬ್ಬರು ಇಳಿದರು. ಆಗಲಿಲ್ಲ. ಬುಟ್ಟಿಯವರು ಇಳಿದರು, ಮಗುವನ್ನು ಎತ್ತಿಕೊಂಡವರು ಇಳಿದರು, ನಿದ್ದೆ ಹೋಗಿದ್ದ ಒಬ್ಬ ಮುದುಕನನ್ನೂ ಎಬ್ಬಿಸಿ ಇಳಿಸಿದರು. ಕೊನೆಗೆ ಕಂಡಕ್ಟರು ತಾನೂ ಇಳಿದು, ಚೀಲ ಸರಿಮಾಡಿಕೊಂಡು, ದೂರ ಹೋಗಿ ನಿಂತ. ಅಷ್ಟು ದೊಡ್ಡ ಬಸ್ಸಿನಲ್ಲಿ ಈಗ ಪ್ರಸನ್ನ ಒಬ್ಬನೇ. ಅವನು ಕೀ ತಿರುಗಿಸಿದ.

ಆಗಲಿಲ್ಲ.

ವೃತ್ತದಲ್ಲಿದ್ದ ಅಷ್ಟೂ ಜನ ನೋಡುತ್ತಿದ್ದರು. ಹತ್ತಮ್ಮ ಅಂದ ಹಿರಿಯ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದ. ಹಿಂದೆ ಗಾಡಿಗಳು ಸೇರಿಕೊಂಡಿದ್ದವು. ಜನರ ಮಧ್ಯದಿಂದ ಸಿದ್ದಲಿಂಗಪ್ಪ ನುಗ್ಗಿಕೊಂಡು ಬಂದು, "ಅಂಬುಜಮ್ಮ, ದಾರಿ ಕಟ್ಟಿಹೋಯ್ತು. ಕೈ ಹಾಕಿ, ನಿಮ್ಮ ಕಾರು ಪಕ್ಕಕ್ಕೆ ತಳ್ಳಿಬಿಡೋಣ. ತಂಗಿಗೆ ಸ್ವಲ್ಪ ಮಜ್ಜಿಗೆ ಕುಡಿಸಿ" ಅಂದ. ಅವನು ಹೇಳಿದ ಅಂತ ಅಲ್ಲ, ಅಭ್ಯಾಸಬಲ ನೋಡಿ, ನಾನು ಕಾರಿನ ಹಿಂದೆ ಹೋಗಿ ಡಿಕ್ಕಿಗೆ ಕೈ ಇಟ್ಟೇಬಿಟ್ಟೆ.

"ತಳ್ಳಬೇಡ ಅಕ್ಕ" ಅಂದಳು ಕುಮುದ. "ಇಲ್ಲೇ ಇರ್ಲಿ."

ನಾನು ಕೈ ತೆಗೆದೆ. ಈ ಕಡೆಯ ಬಾಗಿಲು ತೆರೆದು ಅವಳ ಪಕ್ಕದಲ್ಲಿ ಕೂತೆ. ಎದುರಿಗೆ ಪ್ರಸನ್ನ ಮತ್ತೆ ಕೀ ತಿರುಗಿಸುತ್ತಿದ್ದ.